ನಮ್ಮ ರಜೆಯಲ್ಲಿ ಯಾರಿಗೆ ಪಾಲು?

ಶರದೃತುವಿನ ಆಗಮನದೊಂದಿಗೆ ನಮ್ಮ ನಾಡಿನ ಶಾಲೆಗಳಿಗೆ ದಸರೆಯ ರಜೆ ಬರುತ್ತದೆ. ಮಳೆಗಾಲ ಹಿಂದೆ ಸರಿದು, ಕೆರೆಕಟ್ಟೆಗಳು ತುಂಬಿ, ಬೆಟ್ಟಗುಡ್ಡಗಳು ಹಸಿರುಟ್ಟು ನಿಂತಿರುವ ಕಾಲವದು. ಪರೀಕ್ಷೆ ಮುಗಿಸಿದ ಮಕ್ಕಳು ಪುಸ್ತಕದ ಚೀಲವನ್ನು ಮೂಲೆಗೆಸೆದು, "ಈ ಸಲ ಎಲ್ಲಿಗೆ ಹೋಗೋಣ?" ಎಂದು ಕೇಳುತ್ತಾರೆ. ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಗೆ ಬಹುತೇಕ ಮನೆಗಳಲ್ಲಿದ್ದದ್ದು ಒಂದೇ ಉತ್ತರ: ಅಜ್ಜಿಯ ಊರು. ಇಂದು ಆ ಪ್ರಶ್ನೆಗೆ ಉತ್ತರವನ್ನು ಮೊಬೈಲ್ ಪರದೆಯ ಮೇಲೆ ಹುಡುಕುತ್ತೇವೆ. ಹೋಂಸ್ಟೇ, ರೆಸಾರ್ಟು, ಬಾಡಿಗೆ ವಾಹನ ಇವೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತವೆ. ಹಣ ಪಾವತಿಯಾಯಿತೆಂದರೆ ರಜೆ ನಮ್ಮದಾಯಿತೆಂದು ಭಾವಿಸುತ್ತೇವೆ.

ಪ್ರವಾಸ ಹೋಗುವುದೇ ತಪ್ಪೆಂದು ವಾದಿಸಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ದೇಶ ಸುತ್ತು, ಕೋಶ ಓದು ಎಂದ ಹಿರಿಯರ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ನನ್ನ ತಕರಾರು ಬೇರೆಯದು. ರಜೆಯನ್ನು ನಾವು ಕೊಂಡುಕೊಂಡ ವಸ್ತುವೆಂದು ತಿಳಿದಿದ್ದೇವೆ; ಕೊಂಡವನಿಗಷ್ಟೇ ಅದರ ಅನುಭೋಗವೆಂದು ಒಪ್ಪಿಕೊಂಡಿದ್ದೇವೆ. ಕ್ರೈಸ್ತ ಕುಟುಂಬವೊಂದು ಹೀಗೆ ಯೋಚಿಸತೊಡಗಿದರೆ ಅದು ತನ್ನ ಧರ್ಮದ ಒಂದು ಮೂಲಪಾಠವನ್ನೇ ಮರೆತಂತೆ. ಈ ಮಾತನ್ನು ನಾನು ಉಪದೇಶಕನ ಪೀಠದಿಂದ ಹೇಳುತ್ತಿಲ್ಲ, ತಪ್ಪಿತಸ್ಥನ ಸ್ಥಾನದಲ್ಲಿ ನಿಂತು ಹೇಳುತ್ತಿದ್ದೇನೆ.

2024ರ ದಸರೆ ರಜೆಯಲ್ಲಿ ನಾವು ಮೂರು ದಿನಗಳ ಪ್ರವಾಸ ಕೈಗೊಂಡೆವು. ಅಕ್ಟೋಬರ್ 11ರ ಶುಕ್ರವಾರ ಮುಂಜಾನೆ ಬೆಂಗಳೂರಿನಿಂದ ಹೊರಟು ಬೇಲೂರು, ಹಳೇಬೀಡು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ನೋಡಿಕೊಂಡು, ಭಾನುವಾರ ಹಾಸನದ ಮೂಲಕ ಹಿಂತಿರುಗುವುದೆಂದು ನಿರ್ಧಾರವಾಗಿತ್ತು. ಆ ಶುಕ್ರವಾರ ಆಯುಧಪೂಜೆ. ವಾಹನದ ಚಾಲಕರು ಹಿಂದಿನ ದಿನ ಸಂಜೆ ದೂರವಾಣಿಯಲ್ಲಿ ಬಹಳ ಸಂಕೋಚದಿಂದ ಒಂದು ಮಾತು ಕೇಳಿದರು: "ಬೆಳಿಗ್ಗೆ ಗಾಡಿಗೆ ಪೂಜೆ ಮಾಡಿಕೊಂಡು, ಮಕ್ಕಳ ಜೊತೆ ತಿಂಡಿ ತಿಂದು ಎಂಟು ಗಂಟೆಗೆ ಬರಲೇ?" ಐದು ಗಂಟೆಗೇ ಬರಬೇಕೆಂದು ನಾನು ಪಟ್ಟುಹಿಡಿದೆ. ತಡವಾದರೆ ರಸ್ತೆಯಲ್ಲಿ ವಾಹನದಟ್ಟಣೆ. ಮೊದಲ ದಿನವೇ ಅರ್ಧ ಹಾಳಾಗುತ್ತದೆಂಬುದು ನನ್ನ ಚಿಂತೆಯಾಗಿತ್ತು. ಅವರು ಐದಕ್ಕೇ ಬಂದರು. ವಾಹನದ ಮುಂಭಾಗದಲ್ಲಿ ಒಂದು ಗೇಣುದ್ದದ ಸೇವಂತಿಗೆ ಸರವಿತ್ತು. ಕತ್ತಲಲ್ಲೇ ಪೂಜೆ ಮುಗಿಸಿ ಬಂದಿದ್ದರು. ಅವರ ಮಕ್ಕಳು ಆಗ ನಿದ್ದೆಯಲ್ಲಿದ್ದಿರಬೇಕು. ಅವರೂ ನನ್ನ ಮಕ್ಕಳ ವಯಸ್ಸಿನವರೇ. ಅವರಿಗೂ ಅದೇ ದಸರೆಯ ರಜೆ.

ಅಂದು ರಾತ್ರಿ ನಾವು ಉಳಿದುಕೊಂಡ ಮನೆಯಲ್ಲಿ ಚಾಲಕರಿಗೆ ಕೋಣೆಯಿರಲಿಲ್ಲ. ಕಾಯ್ದಿರಿಸುವಾಗ ನಾನು ಅದನ್ನು ಕೇಳಿಯೂ ಇರಲಿಲ್ಲ. ಮಲೆನಾಡಿನ ಅಕ್ಟೋಬರ್ ಚಳಿಯಲ್ಲಿ ಅವರು ವಾಹನದ ಆಸನವನ್ನೇ ಹಿಂದಕ್ಕೆ ಬಾಗಿಸಿಕೊಂಡು ಮಲಗಿದರು. "ಅಣ್ಣ ಎಲ್ಲಿ ಮಲಗುತ್ತಾರೆ?" ಎಂದು ನನ್ನ ಕಿರಿಯ ಮಗಳು ಕೇಳಿದಾಗ, "ಅವರಿಗೆ ಅಭ್ಯಾಸವಿರುತ್ತದೆ" ಎಂದುಬಿಟ್ಟೆ. ವಾಚಕರೇ, ಈ ಉತ್ತರ ಎಷ್ಟು ಹಳೆಯದೆಂದು ಗಮನಿಸಿದ್ದೀರಾ? ಇಟ್ಟಿಗೆ ಹೊರುವ ಗುಲಾಮರ ಕುರಿತು ಫರೋಹನ ಆಸ್ಥಾನದಲ್ಲಿಯೂ ಬಹುಶಃ ಇದೇ ಮಾತು ನಡೆದಿರಬೇಕು.

ಭಾನುವಾರ ಬೆಳಿಗ್ಗೆ ನಾವು ಹಾಸನದ ಬಳಿಯ ಶೆಟ್ಟಿಹಳ್ಳಿಯ ದಡದಲ್ಲಿದ್ದೆವು. ಅಲ್ಲಿನ ಪಾಳುಬಿದ್ದ ದೇವಾಲಯವನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ, ಜಪಸರದ ಹೆಸರನ್ನು ಹೊತ್ತ ದೇವಾಲಯವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಊರುಗಳು ತೆರವಾದವು. ದೇವಾಲಯ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ನೀರು ಏರಿದಾಗ ಗೋಡೆಗಳು ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ನೆಲಕಾಣುತ್ತವೆ. ದಸರೆಯ ವೇಳೆಗೆ ನೀರು ತುಂಬಿರುವುದರಿಂದ ಛಾಯಾಚಿತ್ರಗಳಿಗೆ ಅದು ಪ್ರಶಸ್ತವಾದ ಕಾಲ. ನಾವೂ ದಡದಲ್ಲಿ ನಿಂತು ಚಿತ್ರ ತೆಗೆದುಕೊಂಡೆವು. ಆಗ ಮಗಳು ಕೇಳಿದಳು: "ಅಪ್ಪಾ, ಈ ಚರ್ಚಿಗೆ ಬರುತ್ತಿದ್ದವರು ಈಗ ಭಾನುವಾರ ಎಲ್ಲಿಗೆ ಹೋಗುತ್ತಾರೆ?" ಅವರಿಗೆ ಬೇರೆ ಕಡೆ ಊರು ಕೊಟ್ಟರು, ಅಲ್ಲಿನ ದೇವಾಲಯಕ್ಕೆ ಹೋಗುತ್ತಾರೆ ಎಂದೆ. ಅವಳು ಒಂದು ಕ್ಷಣ ಯೋಚಿಸಿ ಮತ್ತೆ ಕೇಳಿದಳು: "ನಾವು?"

ಗಡಿಯಾರದಲ್ಲಿ ಆಗ ಒಂಬತ್ತು ಗಂಟೆ. ನಮ್ಮ ಧರ್ಮಕೇಂದ್ರದಲ್ಲಿ ಎರಡನೆಯ ಬಲಿಪೂಜೆ ಆರಂಭವಾಗುತ್ತಿದ್ದ ಹೊತ್ತು. ಊರನ್ನೂ ಗುಡಿಯನ್ನೂ ನೀರಿಗೆ ಬಿಟ್ಟುಕೊಟ್ಟು ಹೊರಟವರು ತಮ್ಮ ಭಾನುವಾರವನ್ನು ಜೊತೆಯಲ್ಲಿ ಒಯ್ದಿದ್ದರು. ಎಲ್ಲವನ್ನೂ ಹೊಂದಿರುವ ನಾವು ನಮ್ಮ ಭಾನುವಾರವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆವು. ಅದೂ ಜಪಸರದ ಮಾಸದಲ್ಲಿ, ಜಪಸರದ ದೇವಾಲಯದ ಎದುರಿನಲ್ಲಿ. ಮೂರು ದಿನಗಳಲ್ಲಿ ಒಬ್ಬ ಹಿಂದೂ ಸಹೋದರನ ಹಬ್ಬವನ್ನು ಕಿತ್ತುಕೊಂಡೆವು, ನಮ್ಮ ಹಬ್ಬವನ್ನು ನಾವೇ ಕಳೆದುಕೊಂಡೆವು. ಇವೆರಡು ಬೇರೆಬೇರೆ ತಪ್ಪುಗಳೆಂದು ಆ ದಿನ ಅನ್ನಿಸಿತ್ತು. ಇಂದು ಹಾಗೆ ಅನ್ನಿಸುವುದಿಲ್ಲ. ಎರಡಕ್ಕೂ ಮೂಲ ಒಂದೇ: ಬಿಡುವು ಯಾರ ಕೊಡುಗೆಯೆಂಬುದನ್ನು ಮರೆತದ್ದು.

ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಯ ದಿನದ ಆಜ್ಞೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅದು ನೀನು ವಿಶ್ರಮಿಸು ಎಂಬಲ್ಲಿಗೆ ನಿಲ್ಲುವುದಿಲ್ಲ. ಮಗ, ಮಗಳು, ಆಳು, ಹೆಣ್ಣಾಳು, ದುಡಿಯುವ ದನ, ಕತ್ತೆ, ಊರಲ್ಲಿರುವ ಪರದೇಶಿ ಹೀಗೆ ಪಟ್ಟಿ ಬೆಳೆಯುತ್ತದೆ. ಧರ್ಮೋಪದೇಶಕಾಂಡವು ಇದಕ್ಕೆ ಕಾರಣವನ್ನೂ ಕೊಡುತ್ತದೆ: ಈಜಿಪ್ಟಿನಲ್ಲಿ ನೀವೇ ಗುಲಾಮರಾಗಿದ್ದಿರಿ, ಬಿಡುವಿಲ್ಲದ ದುಡಿಮೆ ಏನೆಂದು ನಿಮಗೆ ಗೊತ್ತು, ಆದುದರಿಂದ ನಿಮ್ಮ ಆಳಿಗೂ ನಿಮ್ಮಂತೆಯೇ ವಿಶ್ರಾಂತಿ ದೊರೆಯಲಿ. ಅಂದರೆ ಒಡೆಯನ ಬಿಡುವು ಪವಿತ್ರವಾಗುವುದು ಆಳಿನ ಬಿಡುವಿನಿಂದ. ಒಬ್ಬನ ವಿಶ್ರಾಂತಿ ಇನ್ನೊಬ್ಬನ ಬೆನ್ನಿನ ಮೇಲೆ ನಿಂತಿದ್ದರೆ ಅದು ಸಬ್ಬತ್ತಲ್ಲ, ಈಜಿಪ್ಟಿನ ಮರುಸ್ಥಾಪನೆ.

ಇಸ್ರಯೇಲರಿಗೂ ಒಂದು ಶರದೃತುವಿನ ರಜೆಯಿತ್ತು. ಕಣದ ಧಾನ್ಯ, ಆಲೆಯ ದ್ರಾಕ್ಷಾರಸ ಕೂಡಿಟ್ಟಾದ ಮೇಲೆ, ನಮ್ಮ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬರುವ ಪರ್ಣಕುಟೀರಗಳ ಹಬ್ಬ. ಏಳು ದಿನ ಇಡೀ ಕುಟುಂಬ ಗಟ್ಟಿಮನೆಯನ್ನು ಬಿಟ್ಟು ಎಲೆಗೊಂಬೆಗಳ ಗುಡಿಸಿಲಿನಲ್ಲಿ ವಾಸಿಸಬೇಕು. ಮರುಭೂಮಿಯಲ್ಲಿ ಪೂರ್ವಜರು ಹೀಗೆಯೇ ಬದುಕಿದರೆಂಬುದು ಮಕ್ಕಳಿಗೆ ತಿಳಿಯಲೆಂಬುದು ಅದರ ಉದ್ದೇಶ. ನಾವು ರಜೆಯಲ್ಲಿ ಮನೆ ಬಿಡುವುದು ಮನೆಗಿಂತ ಹೆಚ್ಚಿನ ಸುಖವನ್ನು ಅರಸಿ. ಅವರು ಮನೆ ಬಿಟ್ಟದ್ದು ಮನೆಯಿಲ್ಲದ ದಿನಗಳನ್ನು ನೆನೆಯಲು. ಆ ಹಬ್ಬದ ಸಂತೋಷದಲ್ಲಿ ಯಾರು ಯಾರು ಇರಬೇಕೆಂದು ಧರ್ಮೋಪದೇಶಕಾಂಡದ ಹದಿನಾರನೆಯ ಅಧ್ಯಾಯ ಹೇಳುತ್ತದೆ. ಮಕ್ಕಳ ಜೊತೆಗೆ ಆಳುಗಳು, ಊರಿನ ಲೇವಿಯ, ಪರದೇಶಿ, ಅನಾಥ, ವಿಧವೆ ಎಲ್ಲರಿಗೂ ಅಲ್ಲಿ ಸ್ಥಾನವಿದೆ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ರಜೆಯ ಛಾಯಾಚಿತ್ರಗಳನ್ನೊಮ್ಮೆ ನೋಡೋಣ. ಯಾರಿದ್ದಾರೆ, ಯಾರಿಲ್ಲ?

ನಮ್ಮ ಚಿತ್ರಗಳಲ್ಲಿ ಚಾಲಕರಿಲ್ಲ. ರಾತ್ರಿ ಹನ್ನೊಂದರವರೆಗೆ ರೊಟ್ಟಿ ಬೇಯಿಸಿ ಬಡಿಸಿದ ಹೆಣ್ಣುಮಗಳಿಲ್ಲ. ಕೊನೆಗೆ, ನನ್ನ ಸ್ವಂತ ತಾಯಿಯೂ ಇಲ್ಲ. ಮಂಡಿನೋವಿನ ಅವರನ್ನು ಕರೆದೊಯ್ದರೆ ಎಲ್ಲ ಕಡೆಯೂ ತಡವಾಗುತ್ತದೆಂದು ಮನೆ ಕಾಯಲು ಬಿಟ್ಟು ಬಂದಿದ್ದೆವು. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರಿಗಾಗಿ ಹಾಗೂ ವೃದ್ಧರಿಗಾಗಿ ಒಂದು ವಿಶ್ವದಿನವನ್ನು ಸ್ಥಾಪಿಸಿದರು. ಪ್ರತಿವರ್ಷ ಜುಲೈನ ನಾಲ್ಕನೆಯ ಭಾನುವಾರ ಅದನ್ನು ಆಚರಿಸಲಾಗುತ್ತದೆ. ಜುಲೈನಲ್ಲಿ ಅವರ ಕೈಗೆ ಗುಲಾಬಿ ಕೊಟ್ಟು ಚಪ್ಪಾಳೆ ತಟ್ಟುವ ನಾವು ಅಕ್ಟೋಬರಿನಲ್ಲಿ ಅದೇ ಕೈಗೆ ಮನೆಯ ಬೀಗದ ಕೈ ಕೊಟ್ಟು ಕಾವಲಿಗೆ ನಿಲ್ಲಿಸುತ್ತೇವೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಅವೆಲ್ಲವನ್ನೂ ನನಗೆ ನಾನೇ ಹೇಳಿಕೊಂಡವನು.

"ಚಾಲಕನಿಗೆ ಬಾಡಿಗೆ ಕೊಟ್ಟಿದ್ದೇವಲ್ಲ? ನಾವು ಪ್ರವಾಸ ಹೋಗದಿದ್ದರೆ ಅವನ ಹೊಟ್ಟೆಗೇನು?" ಈ ಮಾತಿನಲ್ಲಿ ಸತ್ಯವಿದೆ. ಹಬ್ಬದ ಕಾಲವೇ ಅವರ ಸಂಪಾದನೆಯ ಕಾಲ. ಶ್ರೀಸಭೆಯೂ ಇದನ್ನು ಅಲ್ಲಗಳೆಯುವುದಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಭಾನುವಾರವೂ ಕೆಲವರು ದುಡಿಯಬೇಕಾಗುವ ಅನಿವಾರ್ಯವನ್ನು ಒಪ್ಪಿಕೊಳ್ಳುತ್ತದೆ. ಅದರ ಜೊತೆಗೇ, ಇನ್ನೊಬ್ಬರ ಪ್ರಭುದಿನದ ಆಚರಣೆಗೆ ಅಡ್ಡಿಯಾಗುವಂಥ ಅನಗತ್ಯ ಬೇಡಿಕೆಗಳನ್ನು ಮುಂದಿಡಬಾರದೆಂದೂ ಎಚ್ಚರಿಸುತ್ತದೆ. ಇಲ್ಲಿ ಅನಗತ್ಯ ಎಂಬುದೇ ಮುಖ್ಯವಾದ ಪದ. ನನ್ನ ಚಾಲಕರು ಪ್ರವಾಸವನ್ನು ರದ್ದುಮಾಡಲು ಕೇಳಿರಲಿಲ್ಲ, ಮೂರು ಗಂಟೆಯ ಕಾಲಾವಕಾಶ ಕೇಳಿದ್ದರು. ಬೇಲೂರಿನ ಶಿಲ್ಪಗಳು ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲೇ ನಿಂತಿವೆ. ಇನ್ನು ಮೂರು ಗಂಟೆ ನಿಲ್ಲುತ್ತಿರಲಿಲ್ಲವೇ? ಕೂಲಿಯನ್ನು ಕೊಟ್ಟಮಾತ್ರಕ್ಕೆ ಮನುಷ್ಯನ ಹಬ್ಬವನ್ನು ಕೊಂಡಂತಾಗುವುದಿಲ್ಲ.

ಜಪಸರದ ಮಾಸವೆಂದು ಅಕ್ಟೋಬರನ್ನು ನಾವು ಆಚರಿಸುತ್ತೇವಷ್ಟೆ. 1883ರಲ್ಲಿ ಈ ತಿಂಗಳನ್ನು ಜಪಸರದ ಪ್ರಾರ್ಥನೆಗೆ ಮೀಸಲಿಡುವಂತೆ ಕರೆಕೊಟ್ಟವರು ಜಗದ್ಗುರು 13ನೆಯ ಲಿಯೋ. ಅವರೇ 1891ರಲ್ಲಿ 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿ ಕಾರ್ಮಿಕರ ನ್ಯಾಯವಾದ ಕೂಲಿ ಹಾಗೂ ವಿಶ್ರಾಂತಿಯ ಹಕ್ಕನ್ನು ಎತ್ತಿಹಿಡಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು 14ನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಆ ವಿಶ್ವಪತ್ರವೇ ಎಂದು ಸ್ವತಃ ತಿಳಿಸಿದರು. ಜಪಸರದ ಲಿಯೋ ನಮಗೆ ಬೇಕು, ಕೂಲಿಕಾರನ ಲಿಯೋ ಬೇಡ ಎನ್ನುವಂತಿಲ್ಲ. ಇಬ್ಬರೂ ಒಬ್ಬರೇ.

ಎರಡನೆಯ ಆಕ್ಷೇಪಣೆ: "ಪ್ರಯಾಣದಲ್ಲಿರುವವರಿಗೆ ಪೂಜೆಯಿಂದ ವಿನಾಯಿತಿ ಇದೆಯಲ್ಲ?" ಗಂಭೀರ ಕಾರಣವಿದ್ದರೆ ಖಂಡಿತ ಇದೆ. ರೋಗಿಯ ಬಳಿ ಕುಳಿತವರಿಗೆ, ಹಸುಗೂಸಿನ ತಾಯಿಗೆ, ದಾರಿ ಕಡಿದುಹೋದವನಿಗೆ ಇದೆ. ಆದರೆ ನಾವೇ ಆರಿಸಿಕೊಂಡ ದಿನ, ನಾವೇ ಬರೆದುಕೊಂಡ ವೇಳಾಪಟ್ಟಿಯನ್ನು ಗಂಭೀರ ಕಾರಣವೆನ್ನಲಾಗದು. 1983ರ ಶ್ರೀಸಭೆಯ ಕಾನೂನು ಸಂಹಿತೆಯ ಪ್ರಕಾರ ಶನಿವಾರದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಇಷ್ಟು ಔದಾರ್ಯವಿರುವಾಗ ಇನ್ನೇನು ಬೇಕು? ನಾವು ತಿರುಗಾಡಿದ ಹಾಸನ ಹಾಗೂ ಚಿಕ್ಕಮಗಳೂರು ಜಿಲ್ಲೆಗಳಿಗೆ 1963ರಿಂದ ತಮ್ಮದೇ ಧರ್ಮಕ್ಷೇತ್ರವಿದೆ. ಪ್ರತಿ ತಿರುವಿನಲ್ಲೂ ಹೋಟೆಲು ಹುಡುಕಿಕೊಟ್ಟ ನನ್ನ ಮೊಬೈಲು, ಕೇಳಿದ್ದರೆ ದೇವಾಲಯವನ್ನೂ ಹುಡುಕಿಕೊಡುತ್ತಿತ್ತು. ನಾನು ಕೇಳಲಿಲ್ಲ.

ಮೂರನೆಯದು ಹೆತ್ತವರ ಹೃದಯದಿಂದ ಬರುವ ಆಕ್ಷೇಪಣೆ: "ವರ್ಷವೆಲ್ಲ ದುಡಿದು ಬೇಸತ್ತಿದ್ದೇವೆ, ಮಕ್ಕಳ ಜೊತೆ ಮೂರು ದಿನ ನೆಮ್ಮದಿಯಾಗಿರುವುದೂ ಪಾಪವೇ?" ಅಲ್ಲವೇ ಅಲ್ಲ. ಯೇಸುಸ್ವಾಮಿಯೇ ದಣಿದುಬಂದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ವಿಶ್ರಾಂತಿಗಾಗಿ ಕರೆದೊಯ್ದುದನ್ನು ಸಂತ ಮಾರ್ಕರ ಶುಭಸಂದೇಶದಲ್ಲಿ ಓದುತ್ತೇವೆ. ಆದರೆ ಮುಂದೇನಾಯಿತು? ದೋಣಿಯಿಂದಿಳಿಯುವ ಹೊತ್ತಿಗೆ ಜನಸಮೂಹ ಅಲ್ಲಿ ನೆರೆದಿತ್ತು. ಅವರನ್ನು ಕಂಡು ಸ್ವಾಮಿ ಸಿಡುಕಲಿಲ್ಲ, ಮರುಗಿದರು. ಕೊನೆಗೆ ಅವರಿಗೆ ಊಟವನ್ನೂ ಒದಗಿಸಿದರು. ಪ್ರಭುವಿನ ಬಿಡುವಿಗೆ ಬಾಗಿಲಿತ್ತು. ನಮ್ಮ ಬಿಡುವಿಗೆ ಗೋಡೆ ಮಾತ್ರ ಇದೆ.

ರಜೆಯ ಪಾಲು ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲವೆಂಬುದನ್ನು 2025ರ ದಸರೆಯಲ್ಲಿ ಇಡೀ ರಾಜ್ಯವೇ ಕಂಡಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಮಕ್ಕಳು ಹಿಗ್ಗಿದರು. ಅವರ ಶಿಕ್ಷಕರು ಅದೇ ದಿನಗಳಲ್ಲಿ ಮೊಬೈಲು ಹಿಡಿದು ಮನೆಯಿಂದ ಮನೆಗೆ ಅಲೆಯುತ್ತಿದ್ದರು. ಆ ಗಣತಿ ನಾಡಿಗೆ ಬೇಕಾದ ಕೆಲಸವೇ ಇರಬಹುದು. ಅದರ ಚರ್ಚೆ ಇಲ್ಲಿ ಬೇಡ. ಬಾಗಿಲಿಗೆ ಬಂದ ಆ ಶಿಕ್ಷಕಿಗೆ ನಮ್ಮಲ್ಲಿ ಎಷ್ಟು ಮಂದಿ ಕುಳಿತುಕೊಳ್ಳಿ ಎಂದೆವು? ಎಷ್ಟು ಮಂದಿ ನೀರು ಕೊಟ್ಟೆವು? ನಾವು ಪ್ರವಾಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೇವೆ, ಆಮೇಲೆ ಬನ್ನಿ ಎಂದವರು ಎಷ್ಟು ಮಂದಿ?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ತ್ಯಾಗಗಳನ್ನು ನಾನು ಸೂಚಿಸುವುದಿಲ್ಲ. ಕೋಣೆ ಕಾಯ್ದಿರಿಸುವ ಮುನ್ನ ಎರಡು ಪ್ರಶ್ನೆ ಕೇಳೋಣ: ಭಾನುವಾರದ ಬಲಿಪೂಜೆ ಎಲ್ಲಿ, ಎಷ್ಟು ಹೊತ್ತಿಗೆ? ಚಾಲಕರಿಗೆ ಮಲಗುವ ವ್ಯವಸ್ಥೆ ಇದೆಯೇ? ಎರಡಕ್ಕೂ ಉತ್ತರವಿಲ್ಲದ ಸ್ಥಳ ಎಷ್ಟೇ ಸುಂದರವಾಗಿರಲಿ, ನಮ್ಮದಲ್ಲ. ಊಟಕ್ಕೆ ಕುಳಿತಾಗ ಅವರನ್ನೂ ಅದೇ ಮೇಜಿಗೆ ಕರೆಯೋಣ. ಬರಲು ಸಂಕೋಚಪಟ್ಟರೆ ಅದೇ ಊಟವನ್ನು ಗೌರವದಿಂದ ಕೊಡೋಣ. ಮನೆಗೆಲಸಕ್ಕೆ ಬರುವ ಸಹೋದರಿಗೆ ನಾವು ಊರಿನಲ್ಲಿಲ್ಲದ ದಿನಗಳ ಸಂಬಳವನ್ನು ಕತ್ತರಿಸದಿರೋಣ. ನಮ್ಮ ರಜೆ ಅವಳಿಗೂ ರಜೆಯಾಗಲಿ. ಮನೆಯ ಹಿರಿಯರು ಬರಲಾಗುವಂತೆ ದಾರಿಯನ್ನು ಗಿಡ್ಡಮಾಡೋಣ. ತಂದೆಯಿಲ್ಲದ ಅಥವಾ ಕೈಯಲ್ಲಿ ಹಣವಿಲ್ಲದ ಮನೆಯ ಒಂದು ಮಗುವಿಗೆ ನಮ್ಮ ವಾಹನದಲ್ಲಿ ಜಾಗವಿದೆಯೇ ನೋಡೋಣ. ಪ್ರವಾಸಕ್ಕೆ ಅನುಕೂಲವಿಲ್ಲದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿವೆ. ಒಂದು ದಿನ ಅವರ ಮಕ್ಕಳೂ ನಮ್ಮ ಮಕ್ಕಳೂ ಕೂಡಿ ಬುತ್ತಿ ಕಟ್ಟಿಕೊಂಡು ಹತ್ತಿರದ ಕೆರೆಯಂಗಳಕ್ಕೆ ಹೋದರೆ ಅದೂ ಒಂದು ಪರ್ಣಕುಟೀರದ ಹಬ್ಬವೇ.

2025ರಲ್ಲಿ ನಾವು ಮತ್ತೆ ಹೊರಟೆವು. ಆಯುಧಪೂಜೆ, ವಿಜಯದಶಮಿ ಎರಡೂ ಕಳೆದ ಮೇಲೆ, ಅದೇ ಚಾಲಕರೊಂದಿಗೆ, ಈ ಸಲ ತಾಯಿಯನ್ನೂ ಕರೆದುಕೊಂಡು. ಎಲ್ಲವೂ ಸೊಗಸಾಗಿತ್ತೆಂದು ಹೇಳಿದರೆ ಸುಳ್ಳಾದೀತು. ತಾಯಿಯ ಮಂಡಿನೋವಿನಿಂದ ಅರ್ಧದಷ್ಟು ಸ್ಥಳಗಳನ್ನು ನೋಡಲಾಗಲಿಲ್ಲ. ದೊಡ್ಡ ಮಗ ಗೊಣಗಿದ. ಖರ್ಚು ಹೆಚ್ಚಾಯಿತು. ಶನಿವಾರ ಸಂಜೆ ಪರಿಚಯವಿಲ್ಲದ ಊರಿನ ಪುಟ್ಟ ದೇವಾಲಯದಲ್ಲಿ ಪೂಜೆಗೆ ಕುಳಿತಾಗ, ತಾಯಿ ತಮ್ಮ ಬಾಲ್ಯದ ದಸರೆ ರಜೆಗಳಲ್ಲಿ ಅಜ್ಜಿಯ ಮನೆಯ ಜಗುಲಿಯಲ್ಲಿ ಜಪಸರ ಹೇಳುತ್ತಿದ್ದುದನ್ನು ಮೊಮ್ಮಗಳಿಗೆ ಮೆಲುದನಿಯಲ್ಲಿ ಹೇಳುತ್ತಿದ್ದರು. ಹೊರಗೆ ಚಾಲಕರು ತಮ್ಮ ಮಕ್ಕಳೊಂದಿಗೆ ಮೊಬೈಲಿನಲ್ಲಿ ಮಾತನಾಡುತ್ತಿದ್ದರು. ಗಡಿಬಿಡಿ ಯಾರಿಗೂ ಇರಲಿಲ್ಲ.

ಪವಿತ್ರ ಕುಟುಂಬದ ಒಂದು ಪ್ರವಾಸದ ಕಥೆಯನ್ನು ಸಂತ ಲೂಕರು ಹೇಳಿದ್ದಾರೆ. ಪಾಸ್ಕಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂತಿರುಗುವಾಗ, ಮಗ ಗುಂಪಿನಲ್ಲೇ ಇರಬೇಕೆಂದು ಭಾವಿಸಿ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟರು. ಅವರು ಸಹ ಒಂದು ದಿನ ಏಮಾರಿದರೆಂಬುದೇ ನಮ್ಮಂಥ ಹೆತ್ತವರಿಗೆ ಸಮಾಧಾನ. ಆದರೆ ಯೇಸು ಜೊತೆಯಲ್ಲಿಲ್ಲವೆಂದು ತಿಳಿದಾಗ ಅವರು ಪ್ರಯಾಣವನ್ನು ಮುಂದುವರಿಸಲಿಲ್ಲ. ನಡೆದ ದಾರಿಯನ್ನೆಲ್ಲ ಮತ್ತೆ ಹಿಂದಕ್ಕೆ ನಡೆದರು; ದೇವಾಲಯದಲ್ಲಿ ಮಗನನ್ನು ಕಂಡುಕೊಂಡರು. ನಮ್ಮ ರಜೆಯ ಗುಂಪಿನಲ್ಲಿ ಅವನಿದ್ದಾನೆಂದು ನಾವೂ ಭಾವಿಸಿಕೊಂಡು ಬಹಳ ದೂರ ಬಂದಿದ್ದೇವೆ. ಪ್ರಿಯ ವಾಚಕರೇ, ಮುಂದಿನ ದಸರೆಗೆ ಚೀಲ ಕಟ್ಟುವ ಮುನ್ನ ಒಮ್ಮೆ ತಿರುಗಿ ನೋಡಿ, ಯಾರು ಜೊತೆಯಲ್ಲಿಲ್ಲವೆಂದು ಎಣಿಸೋಣ. ಮುಂಭಾಗದ ಆಸನದಲ್ಲಿ ಕುಳಿತಿರುವ ಮನುಷ್ಯನಿಂದಲೇ ಆ ಎಣಿಕೆ ಆರಂಭವಾಗಲಿ.